ವಿರಳ ಸಂಕೇತಗಳಿಂದ ರೇಡಾರ್ ಚಿತ್ರ: ಕೂಳೂರಿನ ಹೊಳೆ, ನೆಲ ಮತ್ತು ಕಡಲು

ಒಂದು ದೃಶ್ಯದಲ್ಲಿ ರೇಡಾರಿಗೆ ಹೊಳೆದು ಕಾಣುವ ವಸ್ತುಗಳು ಕೆಲವೇ ಇವೆ ಎಂದು ಮೊದಲೇ ಗೊತ್ತಿದ್ದರೆ, ಆ ದೃಶ್ಯದ ಚಿತ್ರ ಕಟ್ಟಲು ವಾಡಿಕೆಯಷ್ಟು ಮಾಪನಗಳು ಬೇಕಾಗುವುದಿಲ್ಲ. ಈ ಅರಿವನ್ನು ಗಣಿತದ ಷರತ್ತಾಗಿ ಬಳಸಿ, ಕಡಿಮೆ ಮಾಪನಗಳಿಂದಲೇ ಇಡೀ ಚಿತ್ರವನ್ನು ಮರಳಿ ಪಡೆಯುವ ವಿಧಾನಗಳನ್ನು ಒಟ್ಟಾಗಿ ವಿರಳ ರೇಡಾರ್ ಚಿತ್ರಣ ಎನ್ನಬಹುದು. ಇದರ ಬೆನ್ನಿಗಿರುವ ಸಿದ್ಧಾಂತದ ಹೆಸರು ಕಂಪ್ರೆಸ್ಡ್ ಸೆನ್ಸಿಂಗ್, ಕನ್ನಡದಲ್ಲಿ ಸಂಕುಚಿತ ಸಂವೇದನೆ. ಬಹುಪಾಲು ಬೆಲೆಗಳು ಸೊನ್ನೆಯಾಗಿದ್ದು, ಅಲ್ಲೊಂದು ಇಲ್ಲೊಂದು ಮಾತ್ರ ಸೊನ್ನೆಯಲ್ಲದ ಸಂಕೇತವೇ ವಿರಳ ಸಂಕೇತ.

ಈ ಲೇಖನ ವಿಷಯವನ್ನು ಮಂಗಳೂರು ನಗರದ ಕೂಳೂರಿನಲ್ಲಿ ನಿಂತು ವಿವರಿಸುತ್ತದೆ. ಘಟ್ಟದಿಂದಿಳಿದು ಪಶ್ಚಿಮಕ್ಕೆ ಹರಿಯುವ ಫಲ್ಗುಣಿ, ಅಂದರೆ ಗುರುಪುರ ಹೊಳೆ, ಕೂಳೂರಿನಲ್ಲಿ ಕಡಲಿಗೆ ತೀರ ಸಮೀಪ ಬಂದರೂ ಅಲ್ಲಿ ಸೇರುವುದಿಲ್ಲ. ದಕ್ಷಿಣಕ್ಕೆ ತಿರುಗಿ, ತಣ್ಣೀರುಬಾವಿಯ ಮರಳುದಿಣ್ಣೆಯನ್ನು ಬಲಕ್ಕಿಟ್ಟುಕೊಂಡು ಸಾಗಿ, ಬೆಂಗ್ರೆಯ ಅಳಿವೆಬಾಗಿಲಲ್ಲಿ ನೇತ್ರಾವತಿಯೊಡನೆ ಕಡಲಿಗಿಳಿಯುತ್ತದೆ. ರಾಷ್ಟ್ರೀಯ ಹೆದ್ದಾರಿ 66 ಹೊಳೆಯನ್ನು ದಾಟುವುದು ಕೂಳೂರಿನಲ್ಲಿಯೇ. ವಾಯವ್ಯಕ್ಕೆ ಪಣಂಬೂರಿನ ನವಮಂಗಳೂರು ಬಂದರು, ಅದರಾಚೆ ಲಂಗರು ಹಾಕಿ ಸರದಿ ಕಾಯುವ ಹಡಗುಗಳು. ಪೂರ್ವಕ್ಕೆ ತೆಂಗಿನ ತೋಟ, ಹಂಚಿನ ಮನೆ, ಕಾಂಡ್ಲಾ ಪೊದೆ, ಗೋದಾಮು. ಕೆಲವೇ ಕಿಲೋಮೀಟರುಗಳೊಳಗೆ ವಿರಳ ದೃಶ್ಯವೂ ಇದೆ, ವಿರಳತೆಯ ಸುಳಿವೇ ಇಲ್ಲದ ದೃಶ್ಯವೂ ಇದೆ. ವಿಧಾನ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಒಂದೇ ನೋಟದಲ್ಲಿ ತೋರಿಸಲು ಇಂಥ ಜಾಗ ಬೇಕು. ಮಳೆಗಾಲದ ನಾಲ್ಕು ತಿಂಗಳಲ್ಲಿ ಕ್ಯಾಮೆರಾ ಹೊತ್ತ ಉಪಗ್ರಹಗಳಿಗೆ ಈ ಕರಾವಳಿಯ ಮೇಲೆ ಹೆಚ್ಚಾಗಿ ಮೋಡವೇ ಕಾಣುತ್ತದೆ. ಮೋಡವನ್ನೂ ಇರುಳನ್ನೂ ತೂರಿಹೋಗುವ ರೇಡಾರ್ ತರಂಗಗಳ ಬೆಲೆ ಇಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ.

ಮರುದನಿ ಚಿತ್ರವಾಗುವ ಬಗೆ

ರೇಡಾರ್ ಸ್ಪಂದವೊಂದನ್ನು ಕಳಿಸಿ, ವಸ್ತುಗಳಿಗೆ ಬಡಿದು ಮರಳುವ ದನಿಯನ್ನು ಕೇಳುತ್ತದೆ. ಮರಳಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಸ್ಪಂದದಲ್ಲಿ ಬಳಸಿದ ಆವರ್ತನಗಳ ಹರವು, ಅಂದರೆ ಬ್ಯಾಂಡ್‌ವಿಡ್ತ್, ಹೆಚ್ಚಿದಷ್ಟೂ ಹತ್ತಿರದ ಎರಡು ವಸ್ತುಗಳನ್ನು ಬೇರ್ಪಡಿಸುವ ಶಕ್ತಿ ಹೆಚ್ಚು. 75 ಮೆಗಾಹರ್ಟ್ಸ್ ಹರವಿದ್ದರೆ ಕಿರಣದ ದಿಕ್ಕಿನಲ್ಲಿ 2 ಮೀಟರ್ ಅಂತರವನ್ನು ಗುರುತಿಸಬಹುದು.

ತೊಡಕಿರುವುದು ಅಡ್ಡ ದಿಕ್ಕಿನಲ್ಲಿ. 2012ರ ಏಪ್ರಿಲ್ 26ರಂದು ಇಸ್ರೊ ಹಾರಿಸಿದ ರಿಸ್ಯಾಟ್-1 ಉಪಗ್ರಹದ ಆಂಟೆನಾ 6 ಮೀಟರ್ ಉದ್ದವಿತ್ತು, ತರಂಗಾಂತರ ಸುಮಾರು 5.6 ಸೆಂಟಿಮೀಟರ್. 600 ಕಿಲೋಮೀಟರ್ ದೂರ ಹೋಗುವಷ್ಟರಲ್ಲಿ ಅಂಥ ಕಿರಣ ಐದೂವರೆ ಕಿಲೋಮೀಟರಿನಷ್ಟು ಹರಡುತ್ತದೆ. ಆ ಮಸುಕಿನಲ್ಲಿ ಕೂಳೂರಿನ ಸೇತುವೆ, ಪಣಂಬೂರಿನ ಬಂದರು ಎರಡೂ ಒಂದೇ ಚುಕ್ಕಿ. ಇದಕ್ಕೆ ಪರಿಹಾರ ಕಂಡವರು ಅಮೆರಿಕದ ಗುಡ್‌ಇಯರ್ ಏರ್‌ಕ್ರಾಫ್ಟ್ ಕಂಪನಿಯ ಕಾರ್ಲ್ ವೈಲಿ, 1951ರಲ್ಲಿ. ಚಲಿಸುವ ಆಂಟೆನಾ ದಾರಿಯುದ್ದಕ್ಕೂ ಕೇಳಿಸಿಕೊಂಡ ಮರುದನಿಗಳನ್ನು ಅವುಗಳ ಹಂತ, ಅಂದರೆ ಫೇಸ್, ಕೆಡದಂತೆ ಕೂಡಿಸಿದರೆ ಕಿಲೋಮೀಟರುಗಟ್ಟಲೆ ಉದ್ದದ ಆಂಟೆನಾ ಮಾಡುವ ಕೆಲಸವನ್ನು ಚಿಕ್ಕ ಆಂಟೆನಾ ಮಾಡುತ್ತದೆ. ಇದೇ ಸಿಂಥೆಟಿಕ್ ಅಪರ್ಚರ್ ರೇಡಾರ್, ಎಸ್‌ಎಆರ್. 1978ರಲ್ಲಿ ನಾಸಾದ ಸೀಸ್ಯಾಟ್ ಇದನ್ನು ಕಕ್ಷೆಗೆ ಒಯ್ದು, ಕೆಡುವ ಮುನ್ನ ನೂರು ದಿನಗಳ ಆಸುಪಾಸು ಕಡಲುಗಳನ್ನು ನೋಡಿತು.

ಕೂಡಿಸುವ ಕೆಲಸಕ್ಕೆ ಲೆಕ್ಕದ ಭಾಷೆಯಲ್ಲಿ ಒಂದು ಸರಳ ರೂಪವಿದೆ. ನೋಡುವ ಪ್ರದೇಶವನ್ನು ಚೌಕಗಳಾಗಿ ಹೆಚ್ಚಿದೆವೆನ್ನಿ. ರೇಡಾರ್ ದಾಖಲಿಸುವ ಒಂದೊಂದು ಸಂಖ್ಯೆಯೂ ಎಲ್ಲ ಚೌಕಗಳ ಮರುದನಿಗಳ ಮೊತ್ತ, ಪ್ರತಿ ಚೌಕಕ್ಕೂ ಅದರ ದೂರಕ್ಕೆ ತಕ್ಕ ತೂಕ ಮತ್ತು ಹಂತ. ಹಾಗಾಗಿ ಪ್ರತಿ ಮಾಪನವೂ ಒಂದು ಸಮೀಕರಣ, ಪ್ರತಿ ಚೌಕವೂ ಒಂದು ಅಜ್ಞಾತ. ಸಾವಿರಕ್ಕೆ ಸಾವಿರ ಚೌಕಗಳಾದರೆ ಅಜ್ಞಾತಗಳು ಹತ್ತು ಲಕ್ಷ. ಶಾಲೆಯಲ್ಲಿ ಕಲಿತ ನಿಯಮದಂತೆ ಸಮೀಕರಣಗಳೂ ಅಷ್ಟೇ ಬೇಕು.

ಇಷ್ಟು ಮಾಪನಗಳನ್ನು ತರುವುದು ಭಾರವಾದ ಕೆಲಸ. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವ ಉಪಗ್ರಹ 6 ಮೀಟರ್ ಆಂಟೆನಾ ಹೊತ್ತಿದ್ದರೆ ಪ್ರತಿ 3 ಮೀಟರಿಗೊಮ್ಮೆಯಾದರೂ ಸ್ಪಂದ ಕಳಿಸಬೇಕು, ಅಂದರೆ ಸೆಕೆಂಡಿಗೆ ಎರಡೂವರೆ ಸಾವಿರ. ಒಂದು ಸ್ಪಂದದ ಮರುದನಿ ಮುಗಿಯುವ ಮೊದಲೇ ಇನ್ನೊಂದರದು ಬರತೊಡಗಿದರೆ ದನಿಗಳು ಬೆರೆತುಹೋಗುತ್ತವೆ, ಆದ್ದರಿಂದ ಒಮ್ಮೆಗೆ ಕೇಳಿಸಿಕೊಳ್ಳಬಹುದಾದ ಪಟ್ಟಿಯ ಅಗಲ ಕಿರಣದ ದಿಕ್ಕಿನಲ್ಲಿ 60 ಕಿಲೋಮೀಟರಿಗೆ ಸೀಮಿತ. ಸೂಕ್ಷ್ಮವಾಗಿ ನೋಡಬೇಕಾದರೆ ಅಗಲ ಬಿಡಬೇಕು, ಅಗಲ ಬೇಕಾದರೆ ಸೂಕ್ಷ್ಮತೆ ಬಿಡಬೇಕು. ಸಂಗ್ರಹಿಸಿದ್ದನ್ನು ನೆಲಕ್ಕೆ ಇಳಿಸುವುದೂ ಸುಲಭವಲ್ಲ. ಶುಕ್ರಗ್ರಹದ ಭೂಪಟ ಮಾಡಿದ ಮ್ಯಾಗೆಲನ್ ನೌಕೆಯಿಂದ ಹಿಡಿದು ಯುರೋಪಿನ ಸೆಂಟಿನೆಲ್-1ರವರೆಗೆ ರೇಡಾರ್ ನೌಕೆಗಳು ಪ್ರತಿ ಮಾಪನಕ್ಕೆ ಬಳಸುವ ಬಿಟ್‌ಗಳನ್ನು ಹಿಂಡಿ ಕಳಿಸುವ ಉಪಾಯ ಮಾಡಿಕೊಂಡಿವೆ. ಆದರೆ ಅದು ಎಲ್ಲವನ್ನೂ ಅಳೆದ ಮೇಲೆ ಮೂಟೆಯನ್ನು ಬಿಗಿಯಾಗಿ ಕಟ್ಟುವುದು. ಅಳೆಯುವಾಗಲೇ ಕಡಿಮೆ ಅಳೆದರೆ ಆಗದೇ ಎಂಬುದು ಸಂಕುಚಿತ ಸಂವೇದನೆಯ ಪ್ರಶ್ನೆ.

ಕೆಲವರನ್ನು ಹುಡುಕಲು ಎಲ್ಲರನ್ನೂ ಪರೀಕ್ಷಿಸಬೇಕೆ?

ಕೋವಿಡ್ ಕಾಲದಲ್ಲಿ ನಮ್ಮೆಲ್ಲರ ಮುಂದೆಯೇ ಇದರ ಸರಳ ರೂಪ ನಡೆದಿದೆ. 2020ರ ಏಪ್ರಿಲ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೋಂಕು ಕಡಿಮೆಯಿರುವ ಕಡೆ ಐದು ಮಂದಿಯವರೆಗಿನ ಗಂಟಲುದ್ರವವನ್ನು ಬೆರೆಸಿ ಒಂದೇ ಪರೀಕ್ಷೆ ಮಾಡಬಹುದೆಂದಿತು. ಸೋಂಕು ಇಲ್ಲವೆಂದು ಬಂದರೆ ಐವರೂ ಪಾರು. ಈ ಉಪಾಯ 1943ರಷ್ಟು ಹಳೆಯದು, ಸೈನಿಕರ ರಕ್ತಪರೀಕ್ಷೆಗಾಗಿ ರಾಬರ್ಟ್ ಡಾರ್ಫ್‌ಮನ್ ಸೂಚಿಸಿದ್ದು. ಇಲ್ಲಿ ಮುಖ್ಯವಾದ ಮಾತು ‘ಸೋಂಕು ಕಡಿಮೆಯಿರುವ ಕಡೆ’. ಊರಿಗೆ ಊರೇ ಮಲಗಿದ್ದರೆ ಬೆರೆಸುವುದರಿಂದ ಏನೂ ಉಳಿಯದು. ರೇಡಾರಿಗೂ ಇದೇ ಷರತ್ತು.

ರೇಡಾರಿನಲ್ಲಿ ಉತ್ತರ ‘ಇದೆ, ಇಲ್ಲ’ ಎಂದಿರುವುದಿಲ್ಲ, ಸಂಖ್ಯೆಯಾಗಿರುತ್ತದೆ. ಹಾಗಾಗಿ ವಿರಳ ಉತ್ತರವನ್ನು ಆರಿಸುವ ಬಗೆಯನ್ನು ಒಂದು ಪುಟ್ಟ ಲೆಕ್ಕದಿಂದ ನೋಡಬೇಕು. ಕ + 2ಖ = 4 ಎಂಬ ಒಂದೇ ಸಮೀಕರಣವಿದೆ, ಅಜ್ಞಾತಗಳು ಎರಡು. ಉತ್ತರಗಳು ಎಣಿಕೆಗೆ ಸಿಗದಷ್ಟು. ಹಳೆಯ ಪದ್ಧತಿಯಂತೆ ವರ್ಗಗಳ ಮೊತ್ತ ಅತಿ ಕಡಿಮೆಯಾಗುವ ಉತ್ತರ ಆರಿಸಿದರೆ ಕ 0.8, ಖ 1.6 ಬರುತ್ತದೆ. ಇದ್ದ ಬೆಳಕನ್ನು ಎರಡೂ ಚೌಕಗಳಿಗೆ ಹಂಚಿದಂತೆ. ವರ್ಗ ಮಾಡದೆ ಬರೀ ಪರಿಮಾಣಗಳ ಮೊತ್ತ ಅತಿ ಕಡಿಮೆಯಿರಲಿ ಎಂದು ಕೇಳಿದರೆ ಕ 0, ಖ 2 ಎಂಬ ಉತ್ತರ ಬರುತ್ತದೆ, ಮೊತ್ತ 2. ಮೊದಲಿನ ಉತ್ತರದ ಮೊತ್ತ 2.4. ಎರಡನೆಯ ಪದ್ಧತಿ ತಾನಾಗಿಯೇ ಒಂದನ್ನು ಸೊನ್ನೆ ಮಾಡಿ, ಇರುವುದೆಲ್ಲ ಒಂದೇ ಕಡೆ ಇದೆ ಎಂದಿತು. ಹತ್ತು ಲಕ್ಷ ಅಜ್ಞಾತಗಳಲ್ಲೂ ಇದು ಹೀಗೆಯೇ ನಡೆಯುತ್ತದೆ. ‘ಅತಿ ಕಡಿಮೆ ವಸ್ತುಗಳಿರುವ ಚಿತ್ರ ಯಾವುದು’ ಎಂದು ನೇರವಾಗಿ ಹುಡುಕುವುದು ಯಾವ ಗಣಕಕ್ಕೂ ಎಟುಕದ ಕೆಲಸ. ಪರಿಮಾಣಗಳ ಮೊತ್ತವನ್ನು ತಗ್ಗಿಸುವುದು ಎಟುಕುವ ಕೆಲಸ. ಎರಡರ ಉತ್ತರವೂ ಒಂದೇ ಆಗುವ ಸಂದರ್ಭಗಳಿವೆ ಎಂದು ಸಾಧಿಸಿದ್ದೇ ಈ ಸಿದ್ಧಾಂತದ ತಿರುಳು.

ಆ ಸಂದರ್ಭಗಳು ಯಾವುವು? ದೃಶ್ಯ ವಿರಳವಾಗಿರಬೇಕು, ಮಾಪನಗಳು ಪರಸ್ಪರ ಹೋಲದಂತಿರಬೇಕು. ಎರಡನೆಯದನ್ನು ಪಣಂಬೂರಿನ ಹಡಗಿನಿಂದಲೇ ತಿಳಿಯಬಹುದು. ಪ್ರತಿ ಎರಡನೆಯ ಸ್ಪಂದವನ್ನು ಬಿಡುತ್ತ ಹೋದರೆ ಚಿತ್ರದಲ್ಲಿ ಅದೇ ಹಡಗು ನಿಶ್ಚಿತ ದೂರದಲ್ಲಿ ಮತ್ತೊಮ್ಮೆ, ಅಷ್ಟೇ ಗಟ್ಟಿಯಾಗಿ ಮೂಡುತ್ತದೆ. ಯಾವುದು ನಿಜ, ಯಾವುದು ನೆರಳು ಎಂದು ಹೇಳಲಾಗದು. ಅಷ್ಟೇ ಸ್ಪಂದಗಳನ್ನು ಲಯವಿಲ್ಲದಂತೆ, ಚೀಟಿ ಎತ್ತಿ ಆರಿಸಿದಂತೆ ಬಿಟ್ಟರೆ ನೆರಳು ಒಂದೆಡೆ ನಿಲ್ಲದೆ ಚಿತ್ರದ ತುಂಬ ತೆಳುವಾದ ಹಿಟ್ಟಿನಂತೆ ಚದುರುತ್ತದೆ, ಹಡಗು ಮಾತ್ರ ಎದ್ದು ಕಾಣುತ್ತದೆ. ಯಾದೃಚ್ಛಿಕತೆ ಇಲ್ಲಿ ಅಚ್ಚುಕಟ್ಟಿನ ಕೊರತೆಯಲ್ಲ, ಉಪಕರಣ.

ಬೇಕಾಗುವ ಮಾಪನಗಳ ಸಂಖ್ಯೆ ಚೌಕಗಳ ಸಂಖ್ಯೆಯನ್ನಲ್ಲ, ಹೊಳೆಯುವ ವಸ್ತುಗಳ ಸಂಖ್ಯೆಯನ್ನು ಅನುಸರಿಸುತ್ತದೆ. ಚೌಕಗಳನ್ನು ವಸ್ತುಗಳಿಂದ ಭಾಗಿಸಿ, ಅದರ ಲಾಗರಿದಮ್ ತೆಗೆದು, ವಸ್ತುಗಳ ಸಂಖ್ಯೆಯಿಂದ ಗುಣಿಸಿ, ಕೆಲವು ಪಟ್ಟು ಹೆಚ್ಚಿಸಿದರೆ ಸಾಕು. ಹತ್ತು ಲಕ್ಷ ಚೌಕಗಳ ಕಡಲಿನಲ್ಲಿ ಹೊಳೆಯುವ ಚೌಕಗಳು 40 ಎಂದಿಟ್ಟುಕೊಂಡರೆ ಈ ಗುಣಲಬ್ಧ ಸುಮಾರು 400. ನಾಲ್ಕೈದು ಪಟ್ಟು ಮಾಡಿದರೆ ಎರಡು ಸಾವಿರ. ಹತ್ತು ಲಕ್ಷದೆದುರು ಎರಡು ಸಾವಿರ ಎಂಬುದು ಮೊದಲ ಬಾರಿ ಕೇಳಿದವರಿಗೆ ನಂಬಲಾಗದ ಮಾತು. ಇದು ಗದ್ದಲವಿಲ್ಲದ ಆದರ್ಶ ಸ್ಥಿತಿಯ ಲೆಕ್ಕ ಎಂಬುದನ್ನು ಜೊತೆಗೇ ಹೇಳದಿದ್ದರೆ ಓದುಗರಿಗೆ ಅನ್ಯಾಯವಾಗುತ್ತದೆ.

ವಿಚಾರ ಬೆಳೆದ ದಾರಿ

ಮೂಲ ಬೇರೆ ಬೇರೆ ಹೊಲಗಳಲ್ಲಿದೆ. ಭೂಗರ್ಭದ ಪದರಗಳನ್ನು ಮರುದನಿಯಿಂದ ಅರಿಯುತ್ತಿದ್ದ ಕ್ಲೇರ್‌ಬೌಟ್ ಮತ್ತು ಮ್ಯೂರ್ 1973ರಲ್ಲಿಯೇ ಪರಿಮಾಣಗಳ ಮೊತ್ತದ ಪದ್ಧತಿಯನ್ನು ಪ್ರತಿಪಾದಿಸಿದ್ದರು. ಮರುವರ್ಷ ಖಗೋಳವಿಜ್ಞಾನಿ ಹಾಗ್‌ಬಾಮ್ ‘ಕ್ಲೀನ್’ ಎಂಬ ಕ್ರಮ ಕೊಟ್ಟರು: ಆಕಾಶದ ಮಸುಕು ಚಿತ್ರದಲ್ಲಿ ಅತಿ ಪ್ರಖರವಾದ ಚುಕ್ಕಿಯನ್ನು ಗುರುತಿಸು, ಅದರ ಪ್ರಭಾವವನ್ನೆಲ್ಲ ಕಳೆ, ಉಳಿದುದರಲ್ಲಿ ಮುಂದಿನದನ್ನು ಹುಡುಕು. ಕಡಿಮೆ ಆಂಟೆನಾಗಳಿಂದ ಹೆಚ್ಚು ನೋಡುವ ಹಂಬಲ ಕರ್ನಾಟಕದ ನೆಲದಲ್ಲೂ ಆಗಲೇ ಬೇರೂರಿತ್ತು. ಗೌರಿಬಿದನೂರಿನ ಬಳಿ 34.5 ಮೆಗಾಹರ್ಟ್ಸ್‌ನ ರೇಡಿಯೋ ದೂರದರ್ಶಕದಲ್ಲಿ ಒಂದು ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ನಿಲ್ಲಿಸಿದ್ದರು. ಪೂರ್ವ ಪಶ್ಚಿಮದ ಬಾಹು 1.4 ಕಿಲೋಮೀಟರ್. ನಡುವಿನ ಬಯಲನ್ನೆಲ್ಲ ಆಂಟೆನಾಗಳಿಂದ ತುಂಬದೆ, ಎರಡು ಬಾಹುಗಳ ಸಂಕೇತಗಳನ್ನು ಗುಣಿಸಿ, ತುಂಬಿದ್ದರೆ ಸಿಗುತ್ತಿದ್ದ ಸೂಕ್ಷ್ಮತೆಯನ್ನೇ ಪಡೆಯುವ ವಿನ್ಯಾಸ ಅದು. ದ್ವಾರಕಾನಾಥ್ ಮತ್ತು ಉದಯಶಂಕರ್ ಅದರಿಂದ ತಯಾರಿಸಿದ ಆಕಾಶದ ನಕ್ಷೆ 1990ರಲ್ಲಿ ಪ್ರಕಟವಾಯಿತು. ವಿರಳ ರೇಡಾರ್ ಚಿತ್ರಣದ ಇತಿಹಾಸ ಬರೆಯುವವರು ಈ ಸೋದರ ಶಾಖೆಯನ್ನು ಮರೆಯಬಾರದು. 2019ರಲ್ಲಿ ಜಗತ್ತು ಕಂಡ ಎಂ87 ಕಪ್ಪುಕುಳಿಯ ಚಿತ್ರದ ಹಿಂದಿನ ಗಣಿತದಲ್ಲೂ ವಿರಳತೆಯ ಪಾತ್ರವಿತ್ತು.

1993ರಲ್ಲಿ ಮಲ್ಲಾ ಮತ್ತು ಝಾಂಗ್ ‘ಕ್ಲೀನ್’ನಂತೆಯೇ ಒಂದೊಂದಾಗಿ ಆರಿಸಿ ಕಳೆಯುವ ‘ಮ್ಯಾಚಿಂಗ್ ಪರ್ಸ್ಯೂಟ್’ ಪ್ರಕಟಿಸಿದರು. ಅದೇ ವರ್ಷ ಪತಿ, ರೆಝಾಯಿಫರ್ ಮತ್ತು ಕೃಷ್ಣಪ್ರಸಾದ್ ಅದನ್ನು ತಿದ್ದಿ, ಹೊಸ ವಸ್ತು ಸಿಕ್ಕಾಗಲೆಲ್ಲ ಹಿಂದಿನವುಗಳ ಬೆಲೆಯನ್ನೂ ಮರುಲೆಕ್ಕ ಮಾಡುವ ರೂಪ ಕೊಟ್ಟರು. ಪರಿಮಾಣಗಳ ಮೊತ್ತದ ಪದ್ಧತಿಯ ರೂಪಗಳಾಗಿ 1996ರಲ್ಲಿ ಟಿಬ್ಶಿರಾನಿಯ ‘ಲಾಸೊ’, 1998ರಲ್ಲಿ ಚೆನ್, ಡೊನೊಹೊ, ಸಾಂಡರ್ಸ್ ಅವರ ‘ಬೇಸಿಸ್ ಪರ್ಸ್ಯೂಟ್’ ಬಂದವು.

ಇವೆಲ್ಲ ಫಲ ಕೊಡುತ್ತಿದ್ದವು, ಏಕೆ ಕೊಡುತ್ತವೆ ಎಂಬುದಕ್ಕೆ ಪೂರ್ಣ ಉತ್ತರವಿರಲಿಲ್ಲ. 2004ರ ಸುಮಾರಿಗೆ ಎಮ್ಯಾನ್ಯುಯೆಲ್ ಕಾಂಡೆಸ್ ವೈದ್ಯಕೀಯ ಚಿತ್ರಣದಲ್ಲಿ ಬಳಸುವ ತಲೆಬುರುಡೆಯ ಮಾದರಿಚಿತ್ರವೊಂದನ್ನು ಅರೆಬರೆ ಮಾಪನಗಳಿಂದ ಕಟ್ಟುವ ಪ್ರಯೋಗದಲ್ಲಿದ್ದರು. 512ಕ್ಕೆ 512 ಚೌಕಗಳ ಆ ಚಿತ್ರ ಕೇವಲ 22 ರೇಖೆಗಳ ಮೇಲಿನ ಮಾಪನಗಳಿಂದ ಒಂದಿಷ್ಟೂ ದೋಷವಿಲ್ಲದೆ ಮರಳಿ ಬಂತು. ಸುಧಾರಿಸಿದ ಚಿತ್ರವಲ್ಲ, ಅದೇ ಚಿತ್ರ. ಕಾಂಡೆಸ್, ಜಸ್ಟಿನ್ ರಾಂಬರ್ಗ್ ಮತ್ತು ಟೆರೆನ್ಸ್ ಟಾವ್ ಇದಕ್ಕೆ ಪ್ರಮೇಯಗಳ ಬಲ ಕೊಟ್ಟರು, ಡೇವಿಡ್ ಡೊನೊಹೊ ಸ್ವತಂತ್ರವಾಗಿ ಇದೇ ಕಡೆಗೆ ಬಂದರು. ಎರಡೂ ಕಡೆಯ ಪ್ರಬಂಧಗಳು 2006ರಲ್ಲಿ ಹೊರಬಂದವು. ರೇಡಾರ್ ಲೋಕ ತಡ ಮಾಡಲಿಲ್ಲ. 2007ರಲ್ಲಿ ಬರಾನಿಯುಕ್ ಮತ್ತು ಸ್ಟೀಗ್ಸ್, 2009ರಲ್ಲಿ ಹರ್ಮನ್ ಮತ್ತು ಸ್ಟ್ರೋಮರ್, 2010ರಲ್ಲಿ ಜರ್ಮನಿಯ ಎಂಡರ್ ಈ ಚಿಂತನೆಯನ್ನು ರೇಡಾರಿಗೆ ಹೊಂದಿಸಿ ಬರೆದರು. ವಿರಳತೆಯ ಷರತ್ತಿನಿಂದ ಎಸ್‌ಎಆರ್ ಚಿತ್ರವನ್ನು ಚೊಕ್ಕಟಗೊಳಿಸುವ ಕೆಲಸವನ್ನು ಚೆಟಿನ್ ಮತ್ತು ಕಾರ್ಲ್ 2001ರಲ್ಲಿಯೇ, ಹೊಸ ಹೆಸರು ಹುಟ್ಟುವ ಮೊದಲೇ, ಮಾಡಿದ್ದರು.

ಲೆಕ್ಕ ಬಿಡಿಸುವ ಕ್ರಮಗಳಲ್ಲಿ ಮೂರು ಜಾತಿ. ಒಂದು, ಪ್ರಖರವಾದುದನ್ನು ಒಂದೊಂದಾಗಿ ಆರಿಸಿ ಕಳೆಯುತ್ತ ಹೋಗುವುದು. ವೇಗ ಇದೆ, ಮೊದಲ ಆಯ್ಕೆ ತಪ್ಪಿದರೆ ಮುಂದಿನದೆಲ್ಲ ಹಾದಿ ತಪ್ಪುತ್ತದೆ. ಇನ್ನೊಂದು, ಇಡೀ ಚಿತ್ರವನ್ನು ಅಂದಾಜಿಸಿ, ಮಾಪನಗಳಿಗೆ ಹೊಂದದ ಭಾಗವನ್ನು ಸರಿಪಡಿಸಿ, ಒಂದು ಮಿತಿಗಿಂತ ಮಂದವಾದ ಚೌಕಗಳನ್ನೆಲ್ಲ ಸೊನ್ನೆ ಮಾಡಿ, ಮತ್ತೆ ಮತ್ತೆ ಇದನ್ನೇ ನಡೆಸುವುದು. ದೊಬೆಶಿ, ಡೆಫ್ರೀಸ್, ಡಿ ಮಾಲ್ 2004ರಲ್ಲಿ ಇದರ ನೆಲೆಗಟ್ಟು ಹಾಕಿದರು, ಬೆಕ್ ಮತ್ತು ಟೆಬೂಲ್ 2009ರಲ್ಲಿ ವೇಗ ಹೆಚ್ಚಿಸಿದರು. ಮೂರನೆಯದು ಸಂಭವನೀಯತೆಯ ದಾರಿ: ಪ್ರತಿ ಚೌಕವೂ ಎಷ್ಟು ಹೊಳೆಯಬಹುದು ಎಂಬುದನ್ನು ದತ್ತಾಂಶದಿಂದಲೇ ಕಲಿಯುವ ವಿರಳ ಬೇಸಿಯನ್ ಕಲಿಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಚಂದ್ರ ಆರ್. ಮೂರ್ತಿ ಮತ್ತು ಸಂಗಡಿಗರು ಈ ಮೂರನೆಯ ದಾರಿಯಲ್ಲಿ ಗಣನೀಯವಾಗಿ ದುಡಿದಿದ್ದಾರೆ. ಅಲ್ಲಿಯೇ ಕೆ.ವಿ.ಎಸ್. ಹರಿ ಅವರ ಬಳಗ ಬೇರೆ ಬೇರೆ ಕ್ರಮಗಳ ಉತ್ತರಗಳನ್ನು ಬೆಸೆದು, ಯಾವುದೇ ಒಂದಕ್ಕಿಂತ ಮೇಲಾದ ಉತ್ತರ ಪಡೆಯುವ ವಿಧಾನವನ್ನು 2013ರಲ್ಲಿ ಪ್ರಕಟಿಸಿತು. ಯಾವ ಕ್ರಮವಾದರೂ ತೂಗಿ ನೋಡುವ ಒರೆಗಲ್ಲು ಒಂದಿದೆ. ಗದ್ದಲದ ನಡುವೆ ವಸ್ತುವಿನ ಸ್ಥಾನವನ್ನು ಎಷ್ಟರ ಮಟ್ಟಿಗೆ ಖಚಿತವಾಗಿ ಹೇಳಲು ಸಾಧ್ಯ ಎಂಬ ಕ್ರಾಮರ್–ರಾವ್ ಮಿತಿ ಅದು. ಅದನ್ನು 1945ರಲ್ಲಿ ಕೊಟ್ಟ ಸಿ.ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಇಂದಿನ ಕರ್ನಾಟಕದ ಹೂವಿನಹಡಗಲಿಯಲ್ಲಿ.

ಸೇತುವೆಯ ಪಶ್ಚಿಮಕ್ಕೆ

ಶಾಂತವಾದ ನೀರು ರೇಡಾರಿನ ತರಂಗವನ್ನು ಕನ್ನಡಿಯಂತೆ ಆಚೆಗೆ ಹಾರಿಸಿಬಿಡುತ್ತದೆ, ಮರಳಿ ಬರುವುದು ಅತ್ಯಲ್ಪ. ಹಡಗಿನ ಉಕ್ಕಿನ ಗೋಡೆ, ಕ್ರೇನು, ಡೆಕ್ಕಿನ ಮೂಲೆಗಳು ಬಲವಾಗಿ ಮರಳಿಸುತ್ತವೆ. ಆದ್ದರಿಂದ ಬೇಸಿಗೆಯ ಪಣಂಬೂರು ಕಡಲು ಕಪ್ಪು ಬಟ್ಟೆಯ ಮೇಲೆ ಎರಚಿದ ಅಕ್ಕಿಕಾಳಿನ ಹಾಗೆ. ಸಂಕುಚಿತ ಸಂವೇದನೆ ಬಯಸುವ ದೃಶ್ಯ ಇದೇ. ಕಡಲ ಮೇಲೆ ಸ್ಪಂದಗಳನ್ನು ಕಡಿಮೆ ಮಾಡಿ, ಉಳಿದ ಸಮಯದಲ್ಲಿ ಅಗಲವಾದ ಪಟ್ಟಿಯನ್ನು ನೋಡಬಹುದು. ಆಂಟೆನಾದ ಅಂಚಿನಿಂದ ಸೋರಿದ ದನಿ ಸೃಷ್ಟಿಸುವ ಸುಳ್ಳು ಹಡಗುಗಳನ್ನೂ ಅಳಿಸಬಹುದು. 2025ರ ಜೂನ್ 9ರಂದು ಕೇರಳದಾಚೆಯ ಕಡಲಿನಲ್ಲಿ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ಪಾರಾದ 18 ಮಂದಿಯನ್ನು ನೌಕಾಪಡೆ ಕರೆತಂದದ್ದು ಪಣಂಬೂರಿಗೇ. ಮಳೆಗಾಲದ ಮೋಡದಡಿ ಇಂಥ ಅವಘಡಗಳಾದಾಗ ಅಗಲವಾದ ಕಡಲನ್ನು ಬೇಗ ನೋಡಬಲ್ಲ ರೇಡಾರ್ ಇರುವುದು ಜೀವದ ಪ್ರಶ್ನೆ.

ಚಲಿಸುವ ಹಡಗಿನದು ಬೇರೆ ಕಥೆ. ಉಪಗ್ರಹದಿಂದ 850 ಕಿಲೋಮೀಟರ್ ದೂರದಲ್ಲಿರುವ ಹಡಗು ಕಿರಣದ ದಿಕ್ಕಿನಲ್ಲಿ ಸೆಕೆಂಡಿಗೆ 5 ಮೀಟರ್ ಸಾಗುತ್ತಿದ್ದರೆ ಚಿತ್ರದಲ್ಲಿ ಅದು ಅರ್ಧ ಕಿಲೋಮೀಟರಿಗೂ ಮೀರಿ ಪಕ್ಕಕ್ಕೆ ಸರಿದು ಕಾಣುತ್ತದೆ. ಅದು ಎಬ್ಬಿಸಿದ ನೀರಿನ ಗೆರೆ ಇದ್ದಲ್ಲಿಯೇ ಇರುತ್ತದೆ. ವಿರಳತೆಯ ಗಣಿತ ಇದನ್ನು ತಾನಾಗಿ ಸರಿಪಡಿಸದು. ವೇಗವನ್ನೂ ಅಜ್ಞಾತವಾಗಿ ಸೇರಿಸಿ ಬರೆಯಬೇಕು, ಆಗ ಲೆಕ್ಕದ ಗಾತ್ರ ಹಲವು ಪಟ್ಟು ಬೆಳೆಯುತ್ತದೆ.

ಕೂಳೂರಿನ ಸೇತುವೆಯಲ್ಲಿಯೇ ಒಂದು ಪಾಠವಿದೆ. ಇಲ್ಲಿ ಹೆದ್ದಾರಿ ಬಹುಮಟ್ಟಿಗೆ ಉತ್ತರ ದಕ್ಷಿಣವಾಗಿದೆ, ಧ್ರುವಗಳ ಮೇಲೆ ಸುತ್ತುವ ಉಪಗ್ರಹಗಳ ದಾರಿಯೂ ಹೆಚ್ಚುಕಡಿಮೆ ಹಾಗೆಯೇ. ಇಂಥ ಜೋಡಣೆಯಲ್ಲಿ ನೀರಿನ ಮೇಲಿನ ಸೇತುವೆ ರೇಡಾರ್ ಚಿತ್ರದಲ್ಲಿ ಒಂದಲ್ಲ, ಹಲವು ಸಮಾನಾಂತರ ಗೆರೆಗಳಾಗಿ ಮೂಡಬಲ್ಲದು. ಸೇತುವೆಯಿಂದ ನೇರ ಮರಳಿದ ದನಿಯದು ಒಂದು ಗೆರೆ. ಸೇತುವೆಗೂ ನೀರಿಗೂ ಬಡಿದು ಬಂದುದು ಎರಡನೆಯದು. ನೀರು, ಸೇತುವೆಯ ಅಡಿಭಾಗ, ಮತ್ತೆ ನೀರು ಎಂದು ಮೂರು ಬಾರಿ ಬಡಿದು ತಡವಾಗಿ ಬಂದುದು ಮೂರನೆಯದು, ಏನೂ ಇಲ್ಲದ ಹೊಳೆಯ ನೀರಿನ ಮೇಲೆ. ವಿರಳ ಚಿತ್ರಣ ಈ ಮೂರನ್ನೂ ಚೂಪಾಗಿ, ನಂಬುವಂತೆ, ಬರೆದುಕೊಡುತ್ತದೆ. ಪ್ರತಿ ದನಿಯೂ ಒಂದೇ ಬಾರಿ ಬಡಿದು ಬಂದಿದೆ ಎಂಬ ಊಹೆ ನಾವು ಬರೆದ ಸಮೀಕರಣದಲ್ಲಿಯೇ ಇರುವಾಗ ಗಣಿತವನ್ನು ದೂರಿ ಫಲವಿಲ್ಲ. ಚಿತ್ರ ಚೂಪಾಗಿರುವುದು ಸತ್ಯವಾಗಿರುವುದಕ್ಕೆ ಸಾಕ್ಷಿಯಲ್ಲ ಎಂಬುದನ್ನು ಈ ವಿಷಯ ಕಲಿಸುವ ತರಗತಿಗಳಲ್ಲಿ ಮೊದಲ ದಿನವೇ ಹೇಳಬೇಕು.

ಇನ್ನೊಂದು ತೊಡಕು ಚೌಕಗಳದ್ದೇ. ವಸ್ತುಗಳು ನಾವು ಹೆಚ್ಚಿದ ಚೌಕದ ನಟ್ಟನಡುವೆ ಬಂದು ಕೂರುವುದಿಲ್ಲ. ಅಂಚಿನಲ್ಲಿರುವ ಒಂದೇ ವಸ್ತು ಹತ್ತಾರು ಚೌಕಗಳಿಗೆ ಸೋರಿ, ವಿರಳವಾಗಿದ್ದ ದೃಶ್ಯ ವಿರಳವಲ್ಲದಂತೆ ತೋರುತ್ತದೆ. ಇದರಿಂದಾಗುವ ಹಾನಿಯನ್ನು 2011ರಲ್ಲಿ ಚಿ, ಶಾರ್ಫ್, ಪೆಝೆಶ್ಕಿ, ಕಾಲ್ಡರ್‌ಬ್ಯಾಂಕ್ ವಿವರವಾಗಿ ತೋರಿಸಿದರು. ಚೌಕಗಳ ಹಂಗಿಲ್ಲದ ಕ್ರಮಗಳು ಆಮೇಲೆ ಬೆಳೆದವು.

ಪೂರ್ವಕ್ಕೆ

ಕೂಳೂರಿನ ತೋಟ, ಹಿತ್ತಿಲು, ಕಾಂಡ್ಲಾ ಪೊದೆಗಳ ಕಡೆ ತಿರುಗಿದರೆ ಲೆಕ್ಕ ತಲೆಕೆಳಗಾಗುತ್ತದೆ. ಒಂದು ಚೌಕದೊಳಗೆ ನೂರಾರು ಗರಿ, ಎಲೆ, ಕಲ್ಲು. ಅವುಗಳ ದನಿಗಳು ಒಂದನ್ನೊಂದು ಬಲಪಡಿಸಿ, ಒಂದನ್ನೊಂದು ಕೊಂದು, ಚೌಕದಿಂದ ಚೌಕಕ್ಕೆ ಲಂಗುಲಗಾಮಿಲ್ಲದೆ ಬದಲಾಗುವ ಚುಕ್ಕೆಚುಕ್ಕೆಯ ಹರವಾಗುತ್ತವೆ. ಮೊಬೈಲಿನ ಫೋಟೊವನ್ನು ಜೆಪೆಗ್ ಹತ್ತು ಪಟ್ಟು ಹಿಂಡುತ್ತದಲ್ಲ, ಇದನ್ನೇಕೆ ಹಿಂಡಲಾಗದು ಎಂದು ಕೇಳಬಹುದು. ಫೋಟೊದಲ್ಲಿ ನೆರೆಯ ಚೌಕಗಳು ಒಂದನ್ನೊಂದು ಹೋಲುತ್ತವೆ. ಎಸ್‌ಎಆರ್ ಚಿತ್ರದಲ್ಲಿ ಪ್ರಖರತೆಯ ಜೊತೆ ಹಂತವೂ ಇದೆ, ಹಂತಕ್ಕೆ ನೆರೆಹೊರೆಯ ಸಂಬಂಧವೇ ಇಲ್ಲ. ಹೀಗಾಗಿ ಫೋಟೊವನ್ನು ಹಿಂಡುವ ಉಪಾಯಗಳು ರೇಡಾರಿನ ನೆಲದ ಚಿತ್ರಕ್ಕೆ ಹಾಗೆಯೇ ಒಗ್ಗುವುದಿಲ್ಲ. ಮಾಪನ ಕಡಿಮೆ ಮಾಡಿದರೆ ತೆಂಗಿನ ತೋಟದ ಜಾಗದಲ್ಲಿ ಕೆಲವು ಹೊಳೆಯುವ ಚುಕ್ಕಿಗಳೂ ಉಳಿದೆಡೆ ಕತ್ತಲೆಯೂ ಬರುತ್ತವೆ. ಕಾಡು, ಬೆಳೆ, ನೆರೆಗಳ ಅಧ್ಯಯನಕ್ಕೆ ಅದು ನಿರುಪಯೋಗಿ.

ನೆಲದ ಮೇಲೆಯೂ ವಿರಳತೆ ನಿಜವಾಗಿ ಸಿಗುವುದು ಎತ್ತರದ ದಿಕ್ಕಿನಲ್ಲಿ. ಬಹುಮಹಡಿ ಕಟ್ಟಡವಿದ್ದ ಕಡೆ ನೆಲ, ಗೋಡೆ, ತಾರಸಿಗಳು ರೇಡಾರಿನಿಂದ ಒಂದೇ ದೂರದಲ್ಲಿದ್ದು ಒಂದೇ ಚೌಕದಲ್ಲಿ ಮಡಿಸಿಕೊಂಡಿರುತ್ತವೆ. ಅಂಥ ಚೌಕದಲ್ಲಿ ಬಲವಾಗಿ ಮರಳಿಸುವ ಬಿಂದುಗಳು ಒಂದೋ ಎರಡೋ, ಹೆಚ್ಚೆಂದರೆ ನಾಲ್ಕು. ಉಪಗ್ರಹ ತುಸು ತುಸು ಬೇರೆ ದಾರಿಯಲ್ಲಿ ಹಲವು ಬಾರಿ ಹಾದು ತೆಗೆದ ಚಿತ್ರಗಳಿಂದ ಈ ಬಿಂದುಗಳ ಎತ್ತರವನ್ನು ಬಿಡಿಸಿಕೊಳ್ಳಬಹುದು. ಜರ್ಮನಿಯ ಷಿಯಾವ್ ಷಿಯಾಂಗ್ ಝು ಮತ್ತು ರಿಚರ್ಡ್ ಬಾಮ್ಲರ್ 2010ರಿಂದ ಇದನ್ನು ಬೆಳೆಸಿ, ಇಡೀ ನಗರಗಳ ಮೂರು ಆಯಾಮದ ರೂಪವನ್ನು ಕಟ್ಟಿದರು. ಈ ಕ್ಷೇತ್ರದಲ್ಲಿ ಭರವಸೆಗೂ ಫಲಕ್ಕೂ ನಡುವೆ ಅಂತರ ಅತಿ ಕಡಿಮೆಯಿರುವುದು ಇಲ್ಲಿಯೇ ಎಂದು ಹೇಳಬಹುದು.

ಗೋಡೆಯಾಚೆ ನೋಡುವ ರೇಡಾರಿನಲ್ಲೂ ನೆಲದಡಿ ನೋಡುವ ರೇಡಾರಿನಲ್ಲೂ ಗುರಿಗಳು ಕೆಲವೇ. ಗೋಡೆಯಾಚೆ ನೋಡುವ ‘ದಿವ್ಯಚಕ್ಷು’ವನ್ನು ರೂಪಿಸಿದ ಬೆಂಗಳೂರಿನ ಎಲ್‌ಆರ್‌ಡಿಇ 1958ರಿಂದ ದೇಶದ ರೇಡಾರ್ ಪ್ರಯೋಗಶಾಲೆ.

ದತ್ತಾಂಶದ ಪ್ರವಾಹ, ಸಣ್ಣ ದೋಣಿ

2025ರ ಜುಲೈ 30ರಂದು ಶ್ರೀಹರಿಕೋಟದಿಂದ ಏರಿದ ನಿಸಾರ್ ಉಪಗ್ರಹವನ್ನು ಜೋಡಿಸಿದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ನಾಸಾದ 24 ಸೆಂಟಿಮೀಟರ್ ತರಂಗದ ರೇಡಾರ್, ಇಸ್ರೊದ 9 ಸೆಂಟಿಮೀಟರ್ ಆಸುಪಾಸಿನ ರೇಡಾರ್, ಎರಡಕ್ಕೂ ಸೇರಿ 12 ಮೀಟರ್ ವ್ಯಾಸದ ಒಂದೇ ಪ್ರತಿಫಲಕ. ಅದು 240 ಕಿಲೋಮೀಟರಿಗೂ ಅಗಲವಾದ ಪಟ್ಟಿಯನ್ನು ನೋಡುತ್ತ 12 ದಿನಕ್ಕೊಮ್ಮೆ ಮರಳಿ ಬರುತ್ತದೆ. ಹಲವು ಕಿರಣಗಳನ್ನು ಒಟ್ಟಿಗೆ ಕೇಳಿಸಿಕೊಂಡು ಅಗಲ ಮತ್ತು ಸೂಕ್ಷ್ಮತೆಯ ಹಳೆಯ ಜಗಳವನ್ನು ನಿಸಾರ್ ಯಂತ್ರದಿಂದಲೇ ಬಗೆಹರಿಸಿಕೊಂಡಿದೆ, ವಿರಳತೆಯ ಗಣಿತದಿಂದಲ್ಲ. ಕಾಡು, ಹಿಮ, ಹೊಲಗಳನ್ನು ಅಳೆಯಲು ಹೊರಟ ಉಪಗ್ರಹಕ್ಕೆ ಅದು ಸರಿಯಾದ ನಿರ್ಧಾರ. ಅದರ ಫಲವಾಗಿ ದಿನಕ್ಕೆ ಸುಮಾರು 80 ಟೆರಾಬೈಟ್ ಉತ್ಪನ್ನಗಳ ಹೊರೆ ಹೊರಬೇಕಾಗಿದೆ. ಕಡಲನ್ನಷ್ಟೇ ಕಾಯುವ ಚಿಕ್ಕ ಉಪಗ್ರಹಗಳಿಗೆ ಅಂಥ ಹೊರೆ ಸಾಧ್ಯವಿಲ್ಲ. ಕಡಿಮೆ ಅಳೆದು ಹೆಚ್ಚು ಅರಿಯುವ ವಿಧಾನದ ಜಾಗ ಅಲ್ಲಿದೆ.

ಆದರೆ ಯಾರನ್ನು ಕಾಯಲು ಎಂಬ ಪ್ರಶ್ನೆಗೆ ಉತ್ತರ ಕೂಳೂರು, ಬೆಂಗ್ರೆಗಳ ದಡದಲ್ಲಿಯೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಟ್ರಾಲ್ ಮತ್ತು ಪರ್ಸೀನ್ ದೋಣಿಗಳು ಧಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ. ಆ ಅವಧಿಯಲ್ಲಿ ಕಡಲಿಗಿಳಿಯುವುದು ನಾಡದೋಣಿಗಳು ಮಾತ್ರ. ಕಡಲು ಅತಿ ಹೆಚ್ಚು ಕೆರಳಿರುವ ಕಾಲವೂ ಅದೇ. ಗಾಳಿ ಎಬ್ಬಿಸಿದ ಅಲೆಗಳ ಮೈ ರೇಡಾರಿಗೆ ಹೊಳೆಯತೊಡಗಿದಾಗ ಕಪ್ಪುಬಟ್ಟೆ ಬೂದುಬಟ್ಟೆಯಾಗುತ್ತದೆ, ಅಲೆಯ ಒಂದೊಂದು ಮಗ್ಗುಲೂ ಕ್ಷಣಕಾಲ ಹಡಗಿನಷ್ಟು ಮಿನುಗಬಲ್ಲದು. ಮರ ಮತ್ತು ಫೈಬರಿನ ದೋಣಿ ತರಂಗವನ್ನು ಉಕ್ಕಿನಷ್ಟು ಮರಳಿಸದು. ಮಂದವಾದುದನ್ನು ಸೊನ್ನೆ ಮಾಡುವ ಮಿತಿಯನ್ನು ಅಲೆಗಳಿಗಾಗಿ ಏರಿಸಿದರೆ ಮೊದಲು ಅಳಿಸಿಹೋಗುವುದು ಆ ದೋಣಿ. ಎಣ್ಣೆ ಹಡಗು ಚಿತ್ರದಲ್ಲಿ ಇನ್ನಷ್ಟು ಚೊಕ್ಕಟವಾಗಿ ಉಳಿಯುತ್ತದೆ. ಮಲ್ಪೆಯಿಂದ 2018ರ ಡಿಸೆಂಬರಿನಲ್ಲಿ ಹೊರಟ ‘ಸುವರ್ಣ ತ್ರಿಭುಜ’ ಏಳು ಮಂದಿಯೊಡನೆ ಕಾಣೆಯಾಗಿ, ಅದರ ಅವಶೇಷ ಮಾಲ್ವಣದಾಚೆ ಕಡಲಡಿಯಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ತಿಂಗಳುಗಟ್ಟಲೆ ದಡದಲ್ಲಿ ಕಾದವರನ್ನು ನೆನೆದರೆ, ಮಿತಿಯೆಂಬ ಒಂದು ಸಂಖ್ಯೆಯನ್ನು ಎಲ್ಲಿಡಬೇಕು ಎಂಬುದು ಬರೀ ಗಣಿತದ ಮಾತಾಗಿ ಉಳಿಯುವುದಿಲ್ಲ.

ಗಣಿತದೊಳಗೆ ಇದಕ್ಕೆ ದಾರಿಗಳಿವೆ. ಎಲ್ಲ ಚೌಕಗಳಿಗೂ ಒಂದೇ ಮಿತಿ ಇರಬೇಕಿಲ್ಲ. ಕಾಂಡೆಸ್, ವಾಕಿನ್, ಬಾಯ್ಡ್ 2008ರಲ್ಲಿ ಚೌಕದಿಂದ ಚೌಕಕ್ಕೆ ತೂಕ ಬದಲಿಸುವ ಕ್ರಮ ಕೊಟ್ಟರು. ಎಲ್ಲೆಲ್ಲಿ ವಸ್ತು ಇರಬಹುದೆಂಬ ಭಾಗಶಃ ಅರಿವನ್ನು ಲೆಕ್ಕಕ್ಕೆ ಸೇರಿಸುವ ವಿಧಾನವನ್ನು ನಮ್ರತಾ ವಾಸ್ವಾನಿ ಮತ್ತು ವೈ ಲು 2010ರಲ್ಲಿ ತೋರಿಸಿದರು. ದೇಶದಲ್ಲಿ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ಸಿಕ್ಕಿದೆ. ದೋಣಿ ಕೊನೆಯದಾಗಿ ತಿಳಿಸಿದ ಸ್ಥಾನದ ಸುತ್ತಲಿನ ಚೌಕಗಳಲ್ಲಿ ಮಿತಿಯನ್ನು ತಗ್ಗಿಸಿದರೆ, ಅಲೆಗಳ ನಡುವಿನ ಮಂದ ಮರುದನಿಯನ್ನೂ ಉಳಿಸಿಕೊಳ್ಳಬಹುದು. ಆ ಯೋಜನೆ ಯಾಂತ್ರೀಕೃತ ಮತ್ತು ಮೋಟಾರು ದೋಣಿಗಳದು. ಹುಟ್ಟುಹಾಕುವ ದೋಣಿಗಳಿಗೆ ಟ್ರಾನ್ಸ್‌ಪಾಂಡರಿನ ಸುಳಿವು ಸಿಗದು. ತಣ್ಣೀರುಬಾವಿಯ ದಡದಿಂದ ಅವು ಹೋಗಿಬರುವ ಪಟ್ಟಿ ಕಿರಿದು, ಊರಿನವರಿಗೆ ಚಿರಪರಿಚಿತ. ಆ ಪಟ್ಟಿಯ ಚೌಕಗಳಿಗೂ ಮಳೆಗಾಲದುದ್ದಕ್ಕೂ ತಗ್ಗಿನ ಮಿತಿಯನ್ನೇ ಇಡಬೇಕಾಗುತ್ತದೆ, ಅದರಿಂದ ಬರುವ ಸುಳ್ಳು ಚುಕ್ಕಿಗಳನ್ನು ಒಬ್ಬರು ಕೂತು ನೋಡಬೇಕಾಗಿ ಬಂದರೂ.